ದೊರೆಯ ರಾಜಕಾರ್ಯ

ನೆಲ್ಲಿಗುಡ್ಡದ ದೊರೆ ಸರ್ಜಪ್ಪನಾಯಕನಿಗೆ ಮಧ್ಯಾಹ್ನದ ಊಟ ಮುಗಿದರೆ ಸಿಂಹಾಸನ ಕಾಣುತ್ತಿರಲಿಲ್ಲ, ದಿಂಬೊಂದೇ ಕಾಣುತ್ತಿತ್ತು. ಅವನ ಗೊರಕೆ ಹೂವಿನ ಪೇಟೆಯವರೆಗೂ ಕೇಳಿಸುತ್ತಿತ್ತು. ಒಂದು ದಿನ ಸರಿಯಾಗಿ ಅದೇ ಹೊತ್ತಿಗೆ ನೆರೆರಾಜ್ಯದ ರಾಯಭಾರಿ ಬಂದ. ಬಾಗಿಲು ಕಾಯುವ ಈರಬಸವ, ಪಾಪ, "ದೊರೆಗಳು ಮಲಗವ್ರೆ, ಬುದ್ಧಿ" ಎಂದುಬಿಟ್ಟ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ದೊರೆ ಎದ್ದವನೇ ಈರಬಸವನನ್ನು ಸೆರೆಗೆ ತಳ್ಳಿಸಿದ.

ಆಸ್ಥಾನದ ವಿದೂಷಕ ಸಂಪಣ್ಣ ನಾಲಗೆಯಿಂದಲೇ ಅನ್ನ ದುಡಿಯುತ್ತಿದ್ದವನು. ಒಂದೇ ಕೇರಿಯಲ್ಲಿ ಕೂಡಿ ಆಡಿ ಬೆಳೆದ ಗೆಳೆಯ ಈರಬಸವ ಅದೇ ನಾಲಗೆಯಿಂದ ಸೆರೆ ಸೇರಿದ್ದು ಕೇಳಿ ಅವನ ಕರುಳು ಚುರುಕ್ಕೆಂದಿತು. ನೆಟ್ಟಗೆ ಹೋಗಿ ದೊರೆಯ ಮುಂದೆ ನಿಂತ.

"ಅವನು ಸುಳ್ಳೇನೂ ಹೇಳಲಿಲ್ಲವಲ್ಲ, ಪ್ರಭು?"

"ನಾನು ಮಲಗೋದಿಲ್ಲ ಕಣಯ್ಯ. ಮಧ್ಯಾಹ್ನ ನಾನು ಮಾಡೋದು ರಾಜಕಾರ್ಯ. ದೊರೆ ಯಾವುದಕ್ಕೆ ಏನಂತಾನೋ ಅದೇ ಅದರ ಹೆಸರು. ಊರೆಲ್ಲ ಹಾಗೇ ಅನ್ನಲಿ, ಆಗ ಅವನನ್ನು ಬಿಡ್ತೀನಿ."

"ಊರೆಲ್ಲ ಅಂದರೆ ಸಾಕೆ?"

"ಒಂದು ಮಗುವೂ ಬಾಯಿ ತಪ್ಪಿ ಮಲಗೋದು ಅನ್ನಬಾರದು."

"ಅಷ್ಟೇ ತಾನೆ?" ಎಂದು ಸಂಪಣ್ಣ ಕೈಮುಗಿದು ಹೊರಟ.

ಸಂತೆಯ ದಿನ ತಾನೇ ಮುಂದೆ ನಿಂತು ಡಂಗುರ ಸಾರಿಸಿದ: "ದೊರೆಗಳು ಊಟವಾದ ಮೇಲೆ ಮಾಡುವ ಕೆಲಸಕ್ಕೆ ಇನ್ನು ಮುಂದೆ ಎಲ್ಲರೂ ರಾಜಕಾರ್ಯ ಅನ್ನತಕ್ಕದ್ದು." ಅದೇನು ಕೆಲಸ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಗೊರಕೆ ಕೇಳಿಸುತ್ತಲೇ ಇತ್ತು.

ಜನ ಮೊದಮೊದಲು ಹೆದರಿ ಅಂದರು, ಆಮೇಲೆ ತಮಾಷೆಗೆ ಅಂದರು, ಕೊನೆಗೆ ಅದೇ ರೂಢಿಯಾಯಿತು. ತಾಯಂದಿರು ತೊಟ್ಟಿಲು ತೂಗುತ್ತ "ರಾಜಕಾರ್ಯ ಮಾಡು ಕಂದ" ಎಂದರು. "ಹೊತ್ತು ನೆತ್ತಿಗೆ ಬಂದರೂ ನಮ್ಮ ಸೊಸೆಯ ರಾಜಕಾರ್ಯ ಮುಗೀಲಿಲ್ಲ" ಎಂದು ಅತ್ತೆಯರು ಗೊಣಗಿದರು. ಸೊಳ್ಳೆ ಕಾಟಕ್ಕೆ ರಾತ್ರಿಯಿಡೀ ರಾಜಕಾರ್ಯವೇ ಇಲ್ಲವೆಂದು ಅಕ್ಕಸಾಲಿಗ ಕಣ್ಣುಜ್ಜಿಕೊಂಡ.

ಮರುತಿಂಗಳು ರಾಯಭಾರಿ ಮತ್ತೆ ಬಂದು ಛತ್ರದಲ್ಲಿ ಇಳಿದ. ಛತ್ರದವನು ಚಾಪೆ ಹಾಸಿ, ದಿಂಬು ಕೊಟ್ಟು, "ದಣಿದಿದ್ದೀರಿ, ಒಂದಿಷ್ಟು ರಾಜಕಾರ್ಯ ಮಾಡಿ ಸ್ವಾಮಿ" ಎಂದ. ರಾಯಭಾರಿಗೆ ಬೇರೆ ಪಾಠ ಬೇಕಾಗಲಿಲ್ಲ.

ಮಧ್ಯಾಹ್ನ ಅರಮನೆಯಲ್ಲಿ ಬಹಳ ಹೊತ್ತು ಕಾದ. ದೊರೆ ಮೀಸೆ ತಿರುವುತ್ತ ಬಂದು, "ಕಾಯಿಸಿದೆವು, ಬೇಸರ ಬೇಡ. ರಾಜಕಾರ್ಯದಲ್ಲಿ ಮುಳುಗಿದ್ದೆವು" ಎಂದ.

"ಗೊತ್ತಾಯಿತು ಪ್ರಭು," ಎಂದ ರಾಯಭಾರಿ ಬಲು ವಿನಯದಿಂದ. "ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಹಾಗೇ ಇದೆ."

ಆಸ್ಥಾನವೆಲ್ಲ ನೆಲ ನೋಡಿತು. ರಾಯಭಾರಿ ಅತ್ತ ಹೋದದ್ದೇ ದೊರೆ ಸಂಪಣ್ಣನ ಮೇಲೆ ಹರಿಹಾಯ್ದ.

"ನನ್ನ ಮಾತನ್ನು ಏನು ಮಾಡಿಟ್ಟೆಯಯ್ಯ?"

"ನಾನೇನೂ ಮಾಡಲಿಲ್ಲ ಪ್ರಭು. ತಾವು ನಿದ್ದೆಗೆ ಹೊಸ ಅಂಗಿ ತೊಡಿಸಿದಿರಿ. ಊರು ಅಂಗಿ ನೋಡಲಿಲ್ಲ, ಅಂಗಿಯೊಳಗೆ ಯಾರಿದ್ದಾರೆ ಅಂತ ನೋಡಿತು. ಈಗ ಒಂದು ಮಗುವೂ ಮಲಗೋದು ಅನ್ನುತ್ತಿಲ್ಲ. ಈರಬಸವನನ್ನು ಬಿಡ್ತೀನಿ ಅಂತ ತಾವು ಮಾತು ಕೊಟ್ಟಿದ್ದಿರಿ."

"ಅದಿರಲಿ. ಮೊದಲು ಇನ್ನೊಂದು ಡಂಗುರ ಸಾರಿಸು. ರಾಜಕಾರ್ಯ ಅಂದರೆ ರಾಜಕಾರ್ಯವೇ, ನಿದ್ದೆಯಲ್ಲ ಅಂತ. ಈಗಲೇ."

"ಈಗಲೇ ಆಗದು ಪ್ರಭು. ಡಂಗುರದವನು ರಾಜಕಾರ್ಯದಲ್ಲಿದ್ದಾನೆ, ಎಬ್ಬಿಸಬೇಕು."

ದೊರೆ ಸಿಟ್ಟಾಗಲು ನೋಡಿದ, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಪಣ್ಣನಿಗೆ ಹೆಗಲ ಮೇಲಿನ ಶಾಲನ್ನೇ ತೆಗೆದು ಹೊದಿಸಿ, ಈರಬಸವನನ್ನು ಬಿಡಿಸಿ ತರಿಸಿದ.

ಈರಬಸವ ಮತ್ತೆ ಬಾಗಿಲ ಬಳಿ ನಿಂತ. ಆದರೆ ಒಮ್ಮೆ ಸುಟ್ಟುಕೊಂಡ ಬಾಯಲ್ಲವೆ, ಅಳುಕುತ್ತಲೇ ಕೇಳಿದ: "ನಾಳೆ ಮಧ್ಯಾಹ್ನ ಯಾರಾರ ಬಂದ್ರೆ ಏನನ್ಲಿ, ಬುದ್ಧಿ?"

"ಮಲಗಿದ್ದಾರೆ ಅನ್ನು," ಎಂದ ದೊರೆ. "ರಾಜಕಾರ್ಯ ಅಂತ ಮಾತ್ರ ಅಂದೀಯೆ, ಜೋಕೆ. ಮಾನ ಹೋದೀತು."