ಎದ್ದು ಹೋದವರ ಚಾಪೆ

ತುಂಗಭದ್ರೆಯ ದಂಡೆಯ ಮೇಲೆ ಹುಚ್ಚೀರಪ್ಪಜ್ಜನ ಮಠ. ಮಠ ಅಂದರೆ ಎಂಥಾದ್ದು, ಮೂರು ಗೋಡೆ, ಒಂದು ಅಂಗಳ, ಒಂದು ಬೇವಿನ ಮರ. ನಾಲ್ಕನೆಯ ಗೋಡೆಯನ್ನು ಹೊಳೆ ಒಯ್ದಿತ್ತು.

ಆದರೆ ಅಜ್ಜನ ದನಿ! ಅಂಥ ದನಿ ಆ ಸೀಮೆಯಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಏಕತಾರಿ ಮೀಟಿ ಅವನು ದನಿ ಎತ್ತಿದರೆ, ಆಚೆ ದಂಡೆಗೆ ಹೊರಟ ಹರಿಗೋಲು ನಡುಹೊಳೆಯಲ್ಲಿ ತಾನೇ ತಿರುಗಿ ಈಚೆ ದಂಡೆಗೆ ಬರುತ್ತಿತ್ತು. ಸುಳ್ಳು ಅನ್ನುವವರು ಅಂಬಿಗರ ದುರುಗಪ್ಪನನ್ನು ಕೇಳಬೇಕು. ಅವನು ಸತ್ತು ಬಹಳ ಕಾಲವಾಯಿತು, ಅದು ಬೇರೆ ಮಾತು.

ಆ ಮಠದಲ್ಲೊಂದು ಪದ್ಧತಿ. ಹಾಡು ನಡೆದಾಗ ಯಾರಾದರೂ ತಡೆಯಲಾರದೆ ಎದ್ದು ಹೊರಗೆ ಹೋದರೆ, ಅವರ ಚಾಪೆ ಮಡಚುವಂತಿಲ್ಲ. ಅವರು ತಿರುಗಿ ಬರುವ ತನಕ ಅದು ಹಾಸಿಯೇ ಇರಬೇಕು. ಯಾಕೆ ಎದ್ದೆ ಎಂದು ಯಾರೂ ಕೇಳುವಂತಿಲ್ಲ.

ಒಮ್ಮೆ ಕಳ್ಳನೊಬ್ಬನನ್ನು ಹಿಡಿಯಲು ಬಂದ ಪೊಲೀಸಪ್ಪ, ಈ ಪದ ಮುಗಿಯಲಿ ಎಂದು ಕೂತವನು, ನಡುವೆಯೇ ಎದ್ದು ಹೋಗಿ ಹೊಳೆಯ ನೀರು ಒಂದು ಗೇಣು ಏರುವಷ್ಟು ಅತ್ತನಂತೆ. ಕಡೆಗೆ ಆ ಕಳ್ಳನೇ ಹೋಗಿ ಸಮಾಧಾನ ಮಾಡಿ ಕರೆತಂದ. ಪೊಲೀಸಪ್ಪನ ಚಾಪೆ ಹಾಸಿಯೇ ಇತ್ತು.

ಈ ಅಜ್ಜನ ಶಿಷ್ಯ ಅಡಿವೆಪ್ಪ. ಹುಡುಗನಿದ್ದಾಗ ಇಲ್ಲೇ ಭಜನೆ ಕಲಿತವನು. ಆಮೇಲೆ ಹುಬ್ಬಳ್ಳಿ ಸೇರಿ, ಕೂದಲು ಬಿಟ್ಟು, ಕರೆಂಟಿನ ಗಿಟಾರ್ ಹಿಡಿದು ರಾಕ್ ಬ್ಯಾಂಡ್ ಕಟ್ಟಿದ್ದ.

ಒಂದು ದಿನ ಮಧ್ಯಾಹ್ನದ ಉರಿಬಿಸಿಲಲ್ಲಿ, ಹೆಗಲಿಗೊಂದು ಚೀಲ ಹಾಕಿಕೊಂಡು ಅವನು ಮಠಕ್ಕೆ ಬಂದ. ಬಂದವನೇ ಮೂಲೆಯಲ್ಲಿ ಹಾಸಿದ್ದ ಧೂಳು ತಿಂದ ಚಾಪೆಯ ಮೇಲೆ ದೊಪ್ಪನೆ ಕೂತ.

ಬೇವಿನ ನೆರಳಲ್ಲಿ ಜೊಂಡುಹುಲ್ಲಿನ ಹೊಸ ಚಾಪೆ ನೇಯುತ್ತ ಕೂತಿದ್ದ ಅಜ್ಜ, ಕೋಲಿನಿಂದ ಅವನ ಮೊಣಕಾಲಿಗೆ ಮೆಲ್ಲಗೆ ತಟ್ಟಿದ.

ಅಡಿವೆಪ್ಪ ಹಾರಿ ಎದ್ದ. "ತಪ್ಪಾತ್ರಿ ಅಜ್ಜಾ. ಫಕ್ಕೀರಪ್ಪನ ಚಾಪಿ ಅಲ್ಲಾ ಇದು? ಅಂವ ಇನ್ನೂ ಬಂದಿಲ್ಲೇನು?"

ಅಜ್ಜ ತಲೆಯಾಡಿಸಿದ. ಇಲ್ಲ.

"ನಾ ಸಣ್ಣಾಂವ ಇದ್ದಾಗ ಎದ್ದು ಹ್ವಾದಾಂವ. ಇನ್ನೇನು ಬರ್ತಾನ್ರಿ?"

ಅಜ್ಜ ತುಟಿ ಅಲುಗಿಸಿದ. ದನಿ ಗಾಳಿಯಷ್ಟೇ ಬಂತು. "ಉಂಡಿಯೇನು?"

ಮೌನವ್ರತ ಹಿಡಿದಿರಬೇಕು, ನನಗಾಗಿ ಅರ್ಧ ಮುರಿದ ಅಂದುಕೊಂಡ ಅಡಿವೆಪ್ಪ. ಅಂಥ ಸೆಕೆಯಲ್ಲೂ ಅಜ್ಜ ಕುತ್ತಿಗೆಗೆ ವಸ್ತ್ರ ಸುತ್ತಿಕೊಂಡದ್ದು ಅವನ ಕಣ್ಣಿಗೆ ಬಿತ್ತು. ಮನಸ್ಸಿಗೆ ಇಳಿಯಲಿಲ್ಲ.

"ಊಟದ ಮಾತು ಬಿಡ್ರಿ. ನಾ ಮುಳುಗೀನಿ. 'ಕೆಂಡದ ಕೆರೆ' ಮುಳುಗೇತಿ."

ಕೆಂಡದ ಕೆರೆ ಅವನ ಆಲ್ಬಮ್ಮಿನ ಹೆಸರು. ಸಿಡಿಲಿನಂಥ ಗಿಟಾರ್, ಅದರ ಬೆನ್ನಿಗೆ ಕರಡಿ ಮಜಲಿನ ವಾದ್ಯ, ನಡುವೆ ತತ್ವಪದ, ಮೇಲೊಂದಿಷ್ಟು ರ‍್ಯಾಪು. ಕೊನೆಯ ಹಾಡಿನಲ್ಲಿ ಎಲ್ಲ ವಾದ್ಯ ಒಮ್ಮೆಲೇ ನಿಂತು ಅಜ್ಜನ ದನಿ ಒಂದೇ ಏಳುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಇದೇ ಅಂಗಳದಲ್ಲಿ ಮೈಕಿನಲ್ಲಿ ಹಿಡಿದುಕೊಂಡು ಹೋದ ದನಿ ಅದು.

"ಕೇಳಿದವರು ಏನಂತಾರ?" ಅಜ್ಜ ಪಿಸುಗುಟ್ಟಿದ.

"ಏನಂತಾರ! ಓದ್ಲೇನು?" ಅಡಿವೆಪ್ಪ ಮೊಬೈಲ್ ತೆಗೆದ. "ಇದ ನೋಡ್ರಿ. 'ಗಿಟಾರ್ ಬೆಂಕಿ ಗುರೂ, ಆದ್ರೆ ನಡುವೆ ಈ ಭಜನೆ ಯಾಕೆ?' ಅದರ ಕೆಳಗ ಇನ್ನೊಬ್ಬಾಂವ. 'ಭಜನೆ ಚೆನ್ನಾಗಿದೆ, ಆ ಗಿಟಾರಿನ ಗದ್ದಲ ತೆಗೆದರೆ ನಮ್ಮಮ್ಮನಿಗೂ ಕೇಳಿಸಬಹುದು.'"

ಅಜ್ಜನ ಹೊಟ್ಟೆ ಕುಲುಕಿತು. ನಗುವಿನ ಸದ್ದು ಬರಲಿಲ್ಲ.

"'ಕರಡಿ ಮಜಲಿಗೆ ಜೀನ್ಸ್ ಪ್ಯಾಂಟ್ ತೊಡಿಸಿದಂಗೈತಿ.' ಇಂವ ನಮ್ಮ ಊರಾಂವನ ರೀ, ಅಜ್ಜಾ! 'ಜಿಮ್‌ನಲ್ಲಿ ಹಾಕಿದ್ದೆ, ಭಾರ ಎತ್ತೋ ಹೊತ್ತಿಗೆ ಯಾರೋ ಅಜ್ಜ ದನಿ ತೆಗೆದ, ಕೈ ಸೋತು ಕಬ್ಬಿಣ ಕಾಲ ಮೇಲೆ ಬಿತ್ತು, ಆಸ್ಪತ್ರೆ ಖರ್ಚು ಯಾರು ಕೊಡ್ತಾರೆ?'"

"ಕಾಲು ಹೆಂಗೈತಂತ?"

"ನಗಬ್ಯಾಡ್ರಿ. ರಾಕ್ ಕೇಳೋರು ಇದು ರಾಕ್ ಅಲ್ಲ ಅಂತಾರ. ಜನಪದದೋರು ಇದು ಜನಪದ ಅಲ್ಲ ಅಂತಾರ. ಹಂಗಾರ ನಾ ಮಾಡಿದ್ದಾದರೂ ಏನು? ಇದ ಕೇಳ್ರಿ, ಇದು ನನ್ನ ಕೊಂದದ್ದು. ಶಾರವ್ವ ಕಡೇಮನಿ ಅಂತ ಒಬ್ಬಾಕಿ. 'ಬಸ್ಸಿನ್ಯಾಗ ಕುಂತು ಕೇಳಾಕತ್ತಿದ್ದೆ. ಕೊನೀ ಹಾಡಿನ್ಯಾಗ ಆ ಅಜ್ಜನ ದನಿ ಬಂತು. ತಡ್ಕೊಳ್ಳಾಕ ಆಗಲಿಲ್ಲ. ನನ್ನ ಊರು ಬರೂದ್ರಾಗ ನಡುದಾರ್ಯಾಗ ಇಳಿದುಬಿಟ್ಟೆ. ತೆಗೀರಿ ಅದನ್ನ.'"

ಚಾಪೆ ನೇಯುತ್ತಿದ್ದ ಅಜ್ಜನ ಕೈ ನಿಂತಿತು.

"ಬಸ್ಸಿಂದ ಇಳಿದ್ಲಾ?"

"ಇಳಿದ್ಲಂತ."

"ನೀ ಏನು ಮಾಡಿದಿ?"

"ತೆಗೆದೆ."

ಹೊಳೆಯಲ್ಲಿ ಯಾರದೋ ಎಮ್ಮೆ ನೀರಿಗಿಳಿದ ಸದ್ದಾಯಿತು.

"ಇದ್ದದ್ದನ್ನೆಲ್ಲಾ ತೆಗೆದ್ಯಾ?"

"ಮೊಬೈಲಿನ್ಯಾಗಿಂದೂ ತೆಗೆದೆ, ಸ್ಟುಡಿಯೋದ ಮಷೀನಿನ್ಯಾಗಿಂದೂ ತೆಗೆದೆ. ಬ್ಯಾಂಡಿನ ಹುಡುಗರು ಬ್ಯಾಡಲೇ ಅಂದ್ರು. ಸಿಟ್ಟಿನ್ಯಾಗ ಬೇರು ಸಮೇತ ಕಿತ್ತೆ. ಹಾಡು ಬ್ಯಾರೆ ಮಾಡಿ ಮತ್ತ ಹಾಕಿದೆ. ಈಗ 'ಕೊನೀಗೆ ಏನೋ ಖಾಲಿ ಖಾಲಿ' ಅಂತಾರ! ಯಾರಾದ್ರೂ ಹಳೇದನ್ನ ಇಳಿಸಿ ಇಟ್ಕೊಂಡೀರೇನು ಅಂತ ಊರೆಲ್ಲಾ ಕೇಳಿದೆ. ಬಿಟ್ಟಿ ಸಿಗೂದನ್ನ ಯಾರು ಇಳಿಸಿ ಇಟ್ಕೋತಾರ ಅಂತ ನಕ್ಕರು."

ಹಾಗಂದವನೇ ಚೀಲ ಬಿಚ್ಚಿ ಕರಿಯ ಮೈಕನ್ನು ಹೊರಗೆ ತೆಗೆದ. ಅಜ್ಜನ ಮುಂದೆ ಅದನ್ನು ನಿಲ್ಲಿಸಿ ಕೈ ಮುಗಿದ.

"ಅದಕ್ಕ ಬಂದೀನ್ರಿ. ಇನ್ನೊಮ್ಮೆ ಹಾಡ್ರಿ ಅಜ್ಜಾ. ಅದ ಪದ. ಈ ಸಲ ಯಾವ ಮಂಗ್ಯಾ ಏನಂದ್ರೂ ತೆಗೆಯಂಗಿಲ್ಲ."

ಅಜ್ಜ ಕುತ್ತಿಗೆಯ ವಸ್ತ್ರವನ್ನು ಒಂದೊಂದೇ ಸುತ್ತು ಬಿಚ್ಚಿದ.

ಗಂಟಲಿಗೆ ಅಡ್ಡಲಾಗಿ ಹೊಲಿಗೆಯ ಗುರುತು. ಅದರ ಕೆಳಗೊಂದು ಕುಳಿ. ಉಸಿರಿಗೊಮ್ಮೆ ಆ ಕುಳಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು.

"ಗಂಟಾಗಿತ್ತು," ಅಂದ ಅಜ್ಜ. "ಕೊಯ್ದು ತೆಗೆದ್ರು. ದನೀನೂ ಅದರ ಕೂಡ ಹ್ವಾತು."

ಅಡಿವೆಪ್ಪ ಮುಗಿದ ಕೈ ಇಳಿಸಿದ.

"ಯಾವಾಗ?"

"ದೀಪಾವಳಿ ಮುಂದ."

"ನನಗ್ಯಾಕ ಹೇಳಿ ಕಳಿಸಲಿಲ್ರಿ?"

"ದನಿ ನಿನ್ನ ಹತ್ರ ಐತಲ್ಲಾ ಅಂತ ಸುಮ್ಮನಿದ್ದೆ."

ಅಡಿವೆಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಆಮೇಲೆ ಮೈಕನ್ನು ಕಿತ್ತುಕೊಂಡು ಹೊಳೆಯ ಕಡೆ ಬಿರಬಿರನೆ ನಡೆದ. ಎಸೆಯಲು ತೋಳು ಎತ್ತಿದ. ಎತ್ತಿದ ತೋಳು ಹಾಗೇ ನಿಂತಿತು, ಆಮೇಲೆ ತಾನೇ ಕೆಳಗೆ ಬಿತ್ತು. ಎಸೆಯಲಿಕ್ಕೂ ಒಂದಿಷ್ಟು ಜೀವ ಬೇಕಲ್ಲ.

ತಿರುಗಿ ಬಂದಾಗ ಅಜ್ಜ ಕೇಳಿದ, "ಆ ಮೊಬೈಲಿನ್ಯಾಗ ಜನ ಬರೆದದ್ದು ಇನ್ನೂ ಏನರ ಉಳಿದೈತೇನು?"

"ಒಂದೈತ್ರಿ. ಇವತ್ತ ಮುಂಜಾನೆ ಬಂದದ್ದು. ಯಾಕ ಬಿಡ್ರಿ, ಜನ ಎಂಥವರು ಅಂತ ಗೊತ್ತಾತಲ್ಲ. ಅಕೀನ, ಅದ ಶಾರವ್ವ. ತೆಗೀರಿ ಅಂದಾಕಿನೂ ಅಕೀನ, ಯಾಕ ತೆಗೆದ್ರಿ ಅನ್ನಾಕಿನೂ ಅಕೀನ."

"ಓದು."

ಅಡಿವೆಪ್ಪ ಬೇಸರದಿಂದಲೇ ಶುರು ಮಾಡಿದ.

"'ಆ ಅಜ್ಜನ ದನಿ ಎಲ್ಲಿ? ನಮ್ಮಪ್ಪ ಹೊತ್ತು ಮುಳುಗಿದ ಮ್ಯಾಲ ಹೊಲದಾಗಿಂದ ಹಿಂಗ ಕೂಗಿ ಕರೀತಿದ್ದ. ಅಂವ ಹೋದ ಮ್ಯಾಲ ಆ ದನಿ ಎಲ್ಲೂ ಕೇಳಿರಲಿಲ್ಲ. ಅವತ್ತು ನನಗ ತಡ್ಕೊಳ್ಳಾಕ ಆಗಲಿಲ್ಲ, ಅದಕ್ಕ ಹಂಗ ಬರೆದೆ. ಈಗ ಗಟ್ಟಿ ಆಗೀನಿ. ಪೂರ್ತಿ ಕೇಳಬೇಕಂತ ತಿರುಗಿ...'"

ಅವನ ಕಣ್ಣು ಮೂಲೆಯ ಧೂಳು ಚಾಪೆಯ ಕಡೆಗೆ ಹೋಯಿತು.

"ಪೂರ್ತಿ ಓದು."

"'...ತಿರುಗಿ ಬಂದೀನಿ. ಯಾಕ ತೆಗೆದ್ರಿ?'"

ಬೇವಿನ ಎಲೆಯೊಂದು ಮೊಬೈಲಿನ ಮೇಲೆ ಬಿತ್ತು. ಅವನು ಅದನ್ನು ಕೊಡವಲಿಲ್ಲ.

ಅಜ್ಜ ಕೋಲೂರಿ ಎದ್ದ. ಅರ್ಧ ನೇಯ್ದ ಚಾಪೆಯನ್ನು ಎತ್ತಿಕೊಂಡು ಹೋಗಿ, ಫಕ್ಕೀರಪ್ಪನ ಚಾಪೆಯ ಪಕ್ಕದಲ್ಲಿ ಹಾಸಿದ. ನೇಯದೆ ಉಳಿದ ಹುಲ್ಲಿನ ಎಳೆಗಳು ನೆಲದ ಮೇಲೆ ಕೆದರಿಕೊಂಡವು. ಅಂಗೈಯಿಂದ ಅವನ್ನು ಸವರಿ ನೆಟ್ಟಗೆ ಮಾಡಿದ.

"ಅಜ್ಜಾ, ಚಾಪಿ ಯಾಕ್ರಿ? ಆಕಿ ಎಲ್ಲಿಯಾಕಿಯೋ, ಏನೋ."

"ಎದ್ದು ಹ್ವಾದಾಕಿ. ತಿರುಗಿ ಬಂದೀನಿ ಅಂದಾಳ. ನಮ್ಮ ಊರು ಹೇಳಿ ಬಾ ಅನ್ನು."

"ಬಂದ್ರ ಏನು ಕೇಳಸೂದ್ರಿ? ಏನೈತಿ ಇಲ್ಲಿ?"

ಅಜ್ಜ ಗೂಟಕ್ಕೆ ತೂಗುಹಾಕಿದ್ದ ಏಕತಾರಿಯನ್ನು ಇಳಿಸಿ, ಹೊಳೆಯ ಕಡೆ ಮುಖ ಮಾಡಿ ಕೂತ. ತಂತಿ ಮೀಟಿದ. ಕಣ್ಣು ಮುಚ್ಚಿ, ಹಳೆಯ ಕಾಲದಲ್ಲಿ ಎತ್ತುತ್ತಿದ್ದಂತೆಯೇ ಗದ್ದ ಎತ್ತಿ, ಬಾಯಿ ತೆರೆದ.

ಗಾಳಿ ಬಂತು. ಗಂಟಲ ಕುಳಿ ಒಳಗೆ ಹೋಯಿತು, ಹೊರಗೆ ಬಂತು. ಮತ್ತೂ ಗಾಳಿಯೇ ಬಂತು.

ನಡುಹೊಳೆಯಲ್ಲಿ ಒಂದು ಹರಿಗೋಲು ಹೋಗುತ್ತಿತ್ತು. ಅಡಿವೆಪ್ಪ ಅದನ್ನೇ ಉಸಿರು ಬಿಗಿಹಿಡಿದು ನೋಡಿದ. ಅದು ತಿರುಗಲಿಲ್ಲ. ಆಚೆ ದಂಡೆ ಮುಟ್ಟಿತು, ಜನ ಇಳಿದರು, ತಮ್ಮ ತಮ್ಮ ಗಂಟು ಹೊತ್ತು ನಡೆದರು.

ಅಡಿವೆಪ್ಪ ಬಿಕ್ಕಿದ. ಅಂಗಳ ಬಿಟ್ಟು ಓಡಿಹೋಗಬೇಕೆಂದು ಎದ್ದು ನಿಂತ. ಅಜ್ಜ ಅವನ ರಟ್ಟೆ ಹಿಡಿದ.

"ಆಕಿಗೆ ನಾ ಏನಂತ ಹೇಳ್ಲಿ ಅಜ್ಜಾ? ನೀವ ಹೇಳ್ರಿ. ಹೆಂಗಾರ ಮಾಡಿ ನೀವ ಹೇಳ್ರಿ."

ಅಜ್ಜ ಅವನ ಕಿವಿಯನ್ನು ತನ್ನ ಬಾಯಿಯ ಹತ್ತಿರಕ್ಕೆ ಎಳೆದುಕೊಂಡ.

"ಬಂದಾಕಿನ್ನ ಮೊದಲು ಚಾಪಿ ಮ್ಯಾಲ ಕುಂದ್ರಸು. ಆಮ್ಯಾಲ ತೆಗೆದದ್ದನ್ನ ನಿನ್ನ ಬಾಯಿಲೆ ನೀನ ಹೇಳು."