ಭಟ್ಟಿಯ ಬಾಯಲ್ಲಿ ಕೂತು ಹಾಡಿದವಳು

“ಗುರುಗಳೇ, ಹಾಡಿನಿಂದ ನೋವು ವಾಸಿಯಾಗುತ್ತದೆ ಎನ್ನುತ್ತಾರೆ. ಅನ್ಯಾಯವೂ ನಿಲ್ಲುತ್ತದೆ ಎನ್ನುತ್ತಾರೆ. ಇದು ನಿಜವೇ, ಇಲ್ಲ ಹಾಡುವವರು ಕಟ್ಟಿಕೊಂಡ ಮಾತೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರು. ಹೆಸರು ಹೇಳಿದರೆ ನೀನು ಹೋಗಿ ವಿಚಾರಿಸಿಕೊಂಡು ಬರುವವನೇ, ಆದ್ದರಿಂದ ಹೇಳುವುದಿಲ್ಲ. ಅಲ್ಲಿ ಒಬ್ಬ ವರ್ತಕನ ಸುಣ್ಣದ ಭಟ್ಟಿ ಇತ್ತು. ಊರಿನ ಗಂಡಸರೆಲ್ಲ ಅಲ್ಲಿಯೇ ಕಲ್ಲು ಒಡೆಯುವವರು, ಸುಡುವವರು, ಸುಟ್ಟದ್ದನ್ನು ಪುಡಿ ಮಾಡಿ ಚೀಲಕ್ಕೆ ತುಂಬುವವರು. ಪುಡಿ ಎದೆಗೆ ಇಳಿಯುತ್ತಿತ್ತು. ಭಟ್ಟಿಗೆ ಸೇರಿದವನು ಹತ್ತು ವರ್ಷ ತಾಳಿದರೆ ಹೆಚ್ಚು. ಅಪ್ಪ ಹೋದರೆ ಅವನ ಜಾಗಕ್ಕೆ ಮಗ ಬರುತ್ತಿದ್ದ.

ಆ ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಯಾರು ಸತ್ತರೂ ಹೆಣದ ಪಕ್ಕ ಕೂತು ಹಾಡಿಕೊಂಡು ಅಳುವವಳು ಅವಳೇ. ಸತ್ತವನನ್ನು ಹೆಸರು ಹಿಡಿದು ಕರೆಯುವಳು. ಹೇಗೆ ಬದುಕಿದ, ಯಾವುದರಿಂದ ಸತ್ತ ಎಂದು ಒಂದೊಂದೇ ಸಾಲು ಎತ್ತುವಳು. ಉಳಿದ ಹೆಂಗಸರು ‘ಹೋದೆಯಲ್ಲೋ’ ಎಂದು ದನಿಗೂಡಿಸುವರು. ಹಾಡು ಮುಗಿಯದೆ ಹೆಣ ಎತ್ತುವಂತಿರಲಿಲ್ಲ. ಆ ಹಾಡಿನಲ್ಲಿ ಏನು ಹೇಳಿದರೂ ತಡೆಯುವಂತಿರಲಿಲ್ಲ, ದಂಡ ಹಾಕುವಂತಿರಲಿಲ್ಲ. ಬೇರೆ ದಿನ ಗಂಡಸರೆದುರು ಬಾಯಿ ತೆರೆಯದ ಹೆಂಗಸರು ಅಂದು ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು, ಇವನನ್ನು ತಿಂದದ್ದು ಭಟ್ಟಿ ಎಂದು. ಹೇಳಿ, ಅತ್ತು, ಎದೆ ಹಗುರ ಮಾಡಿಕೊಂಡು ಮನೆಗೆ ಹೋಗಿ ಒಲೆ ಹೊತ್ತಿಸುತ್ತಿದ್ದರು.

ವರ್ತಕನಿಗೆ ಇದೊಂದು ಕಿರಿಕಿರಿ. ಅವನೇನು ಕೆಟ್ಟವನಲ್ಲ. ದಿನಾ ಬೆಳಿಗ್ಗೆ ಇರುವೆಗೂಡಿಗೆ ಸಕ್ಕರೆ ಹಾಕುವವನು. ಆದರೆ ಆ ಹಾಡು ಕೇಳಿ ಪಕ್ಕದೂರಿನ ಆಳುಗಳು ಬರಲು ಹಿಂಜರಿಯತೊಡಗಿದ್ದರು. ಅವನು ಕೂತು ಯೋಚಿಸಿದ. ಹಾಡನ್ನು ತಡೆಯುವಂತಿಲ್ಲ, ಸರಿ. ಹೆಣವಿಲ್ಲದೆ ಹಾಡುವಂತೆಯೂ ಇಲ್ಲವಲ್ಲ?

ಅಂದಿನಿಂದ ಹಾಸಿಗೆ ಹಿಡಿದವರನ್ನು, ಪಾಪ, ಹವೆ ಬದಲಾದರೆ ಗುಣವಾದೀತು ಎಂದು ಎರಡು ದಿನದ ದಾರಿಯ ತನ್ನ ತೋಟಕ್ಕೆ ಗಾಡಿ ಕಟ್ಟಿಸಿ ಕಳಿಸಿದ. ಗಾಡಿಯಲ್ಲಿ ಮೆತ್ತನೆಯ ಹುಲ್ಲು, ತಂಬಿಗೆಯಲ್ಲಿ ಹಾಲು. ಹೋದವರು ಅಲ್ಲಿಯೇ ಸತ್ತರು, ಅಲ್ಲಿಯೇ ಮಣ್ಣಾದರು. ಊರಿಗೆ ಸುದ್ದಿ ಮಾತ್ರ ಬರುತ್ತಿತ್ತು. ಹೀಗೆ ಗಾಡಿ ಹನ್ನೊಂದು ಸಲ ಹೋಯಿತು. ಏಳೇ ಸಲ ಎನ್ನುವವರೂ ಇದ್ದಾರೆ, ಅವರಿಗೆ ಕತೆ ಹೇಳಲು ಬರುವುದಿಲ್ಲ. ಊರಿನ ಹಿರಿಯರು ವರ್ತಕನ ದೊಡ್ಡ ಮನಸ್ಸನ್ನು ಕೊಂಡಾಡಿದರು.

ಹೆಂಗಸರು ಮಂಕಾದರು. ಒಬ್ಬಳು ರೊಟ್ಟಿ ತಟ್ಟುತ್ತ ತಟ್ಟುತ್ತ ಕೈ ನಿಲ್ಲಿಸಿ ಗೋಡೆ ನೋಡುತ್ತ ಕೂತುಬಿಡುವಳು. ಇನ್ನೊಬ್ಬಳು ಸತ್ತ ಗಂಡನಿಗೂ ತಟ್ಟೆ ಇಡುವಳು. ಅಳಲು ಎದುರಿಗೆ ಹೆಣವಿರಲಿಲ್ಲ.

ಹನ್ನೊಂದನೆಯ ಸಲ ಗಾಡಿ ಹತ್ತಿದವನು ಹಾಡುವ ಹೆಂಗಸಿನ ಗಂಡ. ಸುದ್ದಿ ಬಂದಾಗ ಅವಳು ಹಿರಿಯರ ಬಳಿ ಹೋಗಿ, ಬರಿಯ ನೆಲದ ಮುಂದೆ ಕೂತಾದರೂ ಹಾಡಿಕೊಳ್ಳುತ್ತೇನೆ ಎಂದು ಬೇಡಿದಳು. ಹೆಣವಿಲ್ಲದೆ ಹಾಡಿದರೆ ಆ ಹಾಡು ಬದುಕಿರುವವರನ್ನು ಹುಡುಕಿಕೊಂಡು ಹೋಗುತ್ತದೆ ಎಂದರು ಅವರು. ಅವಳೂ ಅದನ್ನು ನಂಬಿದವಳೇ. ಮನೆಗೆ ಹಿಂದಿರುಗಿದಳು.

ಅವಳಿಗೆ ಒಬ್ಬನೇ ಮಗ, ಭರಮ. ಅಪ್ಪನ ಜಾಗಕ್ಕೆ ಸೇರಿದ. ಬೇಡವೋ ಎಂದು ಬಾಗಿಲಿಗೆ ಅಡ್ಡ ನಿಂತರೆ, ಮತ್ತೆ ಉಣ್ಣುವುದೇನವ್ವ, ನಿನ್ನ ಹಾಡನ್ನೇ ಎಂದು ನಕ್ಕು, ಅವಳನ್ನು ಬದಿಗೆ ಸರಿಸಿ ಹೋದ. ಕೆಲವು ತಿಂಗಳಾದ ಮೇಲೆ ಒಂದು ದಿನ ಊಟದ ನಡುವೆ ಕೆಮ್ಮಿದ. ನೆತ್ತಿಗೇರಿತು ಎಂದು ನೀರು ಕುಡಿದ. ಆ ಕೆಮ್ಮು ಅವಳಿಗೆ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಅವಳು ಭಟ್ಟಿಯ ಬಾಯಿಗೆ ಹೋಗಿ, ತಲೆಗೂದಲು ಬಿಚ್ಚಿ, ಮುಂದೆ ಒಬ್ಬ ಮನುಷ್ಯ ಮಲಗುವಷ್ಟು ನೆಲ ಬಿಟ್ಟು ಕೂತಳು. ಬುಟ್ಟಿ ಹೊತ್ತು ಬರುತ್ತಿದ್ದ ಭರಮ ತನ್ನ ಹೆಸರು ಕೇಳಿ ನಿಂತ. ಅವಳು ಅವನ ತೊಟ್ಟಿಲಿನಿಂದ ಶುರುಮಾಡಿ, ಮೊದಲ ಹಲ್ಲು, ಮೊದಲ ಹೆಜ್ಜೆ, ಮೊದಲ ಕೆಮ್ಮು ಎಂದು ಸಾಲುಸಾಲಾಗಿ ಹಾಡಿ ಅವನನ್ನು ಮಣ್ಣಿಗೆ ಇಳಿಸಿದಳು. ಮೊದಮೊದಲು ಯಾರೂ ದನಿಗೂಡಿಸಲಿಲ್ಲ. ಆಮೇಲೆ ಒಬ್ಬಳು ಬಂದು ಪಕ್ಕದಲ್ಲಿ ಕೂತು ಭಟ್ಟಿಯಲ್ಲಿ ದುಡಿಯುತ್ತಿದ್ದ ತನ್ನ ಗಂಡನ ಹೆಸರನ್ನು ಅವಳ ಕಿವಿಯಲ್ಲಿ ಹೇಳಿದಳು. ಆಮೇಲೆ ಇನ್ನೊಬ್ಬಳು. ಹೇಳಿದ ಹೆಸರನ್ನೆಲ್ಲ ಅವಳು ಎತ್ತಿ ಹಾಡಿದಳು. ಗಂಡಸರು ಬುಟ್ಟಿ ಕೆಳಗಿಟ್ಟು, ತಮ್ಮ ತಮ್ಮ ಸಾವನ್ನು ನಿಂತು ಕೇಳಿದರು.

ವರ್ತಕ ಓಡಿಬಂದ. “ಏನವ್ವಾ ಇದು? ಜೀವಂತ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಹೆಣದ ಹಾಡು ಹಾಡುತ್ತೀಯಲ್ಲ, ನೀನು ತಾಯಿಯೋ ಅಲ್ಲವೋ?”

“ಸಾಯುವ ಹೊತ್ತಿಗೆ ನೀವು ಗಾಡಿ ಕಟ್ಟಿಸುತ್ತೀರಿ, ಸಾಹುಕಾರರೇ. ಆಮೇಲೆ ನನಗೆ ಸಿಗುವುದಿಲ್ಲ. ಈಗ ಸಿಕ್ಕಿದ್ದಾನೆ, ಹಾಡಿಕೊಳ್ಳುತ್ತೇನೆ.”

ಕೊನೆಗೆ ಅವಳು ತನ್ನ ಗಂಡನನ್ನೂ ಹಾಡಿದಳು. ಗಾಡಿಯಲ್ಲಿ ಹೋದ ಉಳಿದ ಹತ್ತು ಮಂದಿಯನ್ನೂ ಹಾಡಿದಳು. ಹೆಂಗಸರು ಅಷ್ಟು ದಿನದ ಅಳುವನ್ನೆಲ್ಲ ಅಲ್ಲಿ ಅತ್ತರು.

ತನ್ನ ಹೆಣದ ಹಾಡು ಕೇಳಿದವನು ಭಟ್ಟಿಗೆ ಕಾಲಿಡುತ್ತಾನೆಯೇ? ಅಂದು ಯಾರೂ ಇಡಲಿಲ್ಲ, ಮರುದಿನವೂ ಇಡಲಿಲ್ಲ. ಬೆಂಕಿಗೆ ಸೌದೆ ಒಟ್ಟುವವರಿಲ್ಲದೆ ಕಲ್ಲು ಅರೆಬೆಂದು ಕೆಟ್ಟಿತು. ಭಟ್ಟಿ ಆರಿತು. ವರ್ತಕ ಬೇರೆ ಊರಿಗೆ ಹೋಗಿ ಎಣ್ಣೆ ಗಾಣ ಹಾಕಿ ಚೆನ್ನಾಗಿಯೇ ಬಾಳಿದ. ಅಲ್ಲಿಯೂ ಇರುವೆಗಳಿದ್ದವು. ಊರಿನವರು ಅರೆಹೊಟ್ಟೆಯಲ್ಲಿ ಕೂಲಿನಾಲಿ ಹುಡುಕಿಕೊಂಡರು.

ಆದರೆ ಹಾಡು ಹಾಡೇ ಅಲ್ಲವೇ? ಹಿರಿಯರು ಶಾಂತಿ ಮಾಡಿಸಿ ಗಂಡಸರನ್ನು ಮನೆ ತುಂಬಿಸಿಕೊಂಡರು. ಹೆಸರು ಎತ್ತಿ ಹಾಡಿದವಳು ಮಾತ್ರ, ತಾನು ಹಾಡಿದವರ ಮುಖ ನೋಡಬಾರದು ಎಂದರು. ನೋಡಿದರೆ ಹಾಡಿದ್ದು ನಿಜವಾಗುತ್ತದೆ. ಎಲ್ಲರಿಗಿಂತ ಹೆಚ್ಚಾಗಿ ಅದನ್ನು ನಂಬಿದವಳು ಅವಳೇ. ಭರಮ ಊರಿನ ಆ ತುದಿಗೆ ಹೋಗಿ ಗುಡಿಸಲು ಹಾಕಿಕೊಂಡ. ಮೊದಮೊದಲು ಬಾಗಿಲ ಹೊರಗೆ ನಿಂತು ಅವ್ವಾ ಎಂದು ಕರೆಯುತ್ತಿದ್ದ. ಅವಳು ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಅವನ ಮದುವೆಯ ವಾಲಗವನ್ನು ಕದ ಹಾಕಿಕೊಂಡು ಕೇಳಿದಳು. ಸಾವಿನ ಮನೆಗೂ ಅವಳನ್ನು ಯಾರೂ ಕರೆಯಲಿಲ್ಲ. ಅವಳೂ ಮತ್ತೆ ಹಾಡಲಿಲ್ಲ. ಬಹಳ ವರ್ಷದ ಮೇಲೆ ಸತ್ತಳು. ಅವಳಿಗಾಗಿ ದನಿ ಎತ್ತಲು ಹೆಂಗಸರು ಹೆದರಿದರು. ಆ ಊರಿನಲ್ಲಿ ಹಾಡಿಲ್ಲದೆ ಎದ್ದ ಹೆಣ ಅವಳದೊಂದೇ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಗುರುಗಳೇ, ಅಷ್ಟು ಹಾಡಿ ಅವಳು ಪಡೆದದ್ದೇನು?” ಎಂದ.

ಗುರುಗಳು ಹೇಳಿದರು: “ಅವಳ ಚಟ್ಟಕ್ಕೆ ಮುಂದೆ ಹೆಗಲು ಕೊಟ್ಟವನು ಭರಮ, ಅವನ ತಲೆ ಪೂರ್ತಿ ನರೆತಿತ್ತು.”