ಗೂಬೆಯ ಪೊಟರೆಯಲ್ಲಿದ್ದ ಲೇಖನ

ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು ನನ್ನ ಕೆಲಸ; ಕಥೆ ಹೇಳಿ ನನಗೆ ಅಭ್ಯಾಸವಿಲ್ಲ, ಕೆಟ್ಟದಾಗಿ ಹೇಳಿದರೆ ಕ್ಷಮಿಸಿ. ಒಂದು ಆಡಿನ ಮರಿಗೆ ಹಸಿ ಹುಲ್ಲು ಹೆಚ್ಚಾಗಿ ಹೊಟ್ಟೆ ಉಬ್ಬಿತ್ತು. (ಇದರಿಂದ ಮರಿ ಸಾಯಲೂಬಹುದು, ಅದಕ್ಕೇ ಹೇಳುತ್ತಿದ್ದೇನೆ.) ದೂರದ ಬೆಟ್ಟದ ಜಿಂಕೆಯೊಂದು ಈ ರೋಗದ ಬಗ್ಗೆಯೇ ಸಂಶೋಧನಾ ಲೇಖನ ಬರೆದಿತ್ತು. ಅದು ಗೂಬೆಯ ಪತ್ರಿಕೆಯಲ್ಲಿ ಅಚ್ಚಾಗಿ, ಗೂಬೆಯ ಪೊಟರೆಯೊಳಗೆ ಭದ್ರವಾಗಿತ್ತು.

"ಗೂಬೆರಾಯರೇ, ಒಂದು ಸಲ ಓದಿ ಇಲ್ಲೇ ಕೊಟ್ಟುಬಿಡುತ್ತೇನೆ" ಎಂದಿತು ಆಡು.

"ಚಂದಾದಾರರಿಗೆ ಮಾತ್ರ. ಬರೆದ ಜಿಂಕೆಗೇ ನಾನು ಬಿಟ್ಟಿ ಓದಲು ಬಿಡುವುದಿಲ್ಲ, ನಿನಗೆ ಬಿಡುತ್ತೇನೆಯೇ?" ಎಂದಿತು ಗೂಬೆ.

ಆಗಷ್ಟೇ ಕಾಡಿಗೆ ಅಂತರ್ಜಾಲ ಬಂದಿತ್ತು. (ಹೇಗೆ ಬಂತೆಂದು ಕೇಳಬೇಡಿ, ಇದು ಕಥೆ.) ಆಡು ನೇರವಾಗಿ ಜಿಂಕೆಗೇ ಸಂದೇಶ ಕಳಿಸಿತು: "ಅಕ್ಕಾ, ನಿಮ್ಮ ಲೇಖನ ಓದಬೇಕಿತ್ತು. ನನ್ನ ಮರಿ ನರಳುತ್ತಿದೆ."

ಜಿಂಕೆ ತನ್ನ ಬಳಿ ಇಟ್ಟುಕೊಂಡಿದ್ದ ಲೇಖನದ ಕರಡು ಪ್ರತಿ ಕೂಡಲೇ ಬಂತು. ಜೊತೆಗೆ ಎರಡು ಮಾತು: "ಮೊದಲು ಮರಿಯ ಮುಂಗಾಲುಗಳನ್ನು ದಿಣ್ಣೆಯ ಮೇಲಿಟ್ಟು ನಿಲ್ಲಿಸಿ, ಎಡಮಗ್ಗುಲನ್ನು ಮೆಲ್ಲಗೆ ತಿಕ್ಕು ತಂಗಿ. ಓದುವುದು ಆಮೇಲೆ."

ಸ್ವಲ್ಪ ಹೊತ್ತಿಗೆ ಮರಿ ಜೋರಾಗಿ ತೇಗಿತು, ಹಾಲಿಗಾಗಿ ತಾಯಿಯನ್ನು ಗುದ್ದಿತು.

"ನಿಮ್ಮ ಋಣ ಹೇಗೆ ತೀರಿಸಲಿ ಅಕ್ಕಾ?" ಎಂದು ಆಡು ಬರೆಯಿತು.

"ಋಣ ನನ್ನದು ತಂಗಿ. ಅದನ್ನು ಬರೆದು ಎಷ್ಟೋ ಮಳೆಗಾಲ ಕಳೆದವು. ಓದಬೇಕು ಎಂದು ಕೇಳಿದವಳು ನೀನೇ ಮೊದಲು" ಎಂದು ಜಿಂಕೆ ಉತ್ತರಿಸಿತು.

ಜಿಂಕೆ ಹೀಗೇಕೆ ಹೇಳಿತೆಂದರೆ, ಬರೆದವರಿಗೆ ನಿಜವಾಗಿ ಬೇಕಾಗಿರುವುದು... ತಾಳಿ, ಗ್ರಂಥಾಲಯ ಮುಚ್ಚಬೇಕೆಂದು ದಾಕ್ಷಾಯಣಿ ಮೇಡಂ ಕರೆಯುತ್ತಿದ್ದಾರೆ. ಬಂದೆ ಮೇಡಂ! ಬೇಕಾಗಿರುವುದು ಏನೆಂದರೆ...